ಪಿಸುಮಾತಿನ ಪರದೇಶ ಪ್ರಯಾಣ

ಬಚ್ಚಲಿನ ಪಕ್ಕದ ಕಟ್ಟೆಯ ಮೇಲೆ ಕೂತು ಅವಳು ಪೆಟ್ಟಿಗೆಯ ಗಾಲಿ ಒರೆಸುತ್ತಿದ್ದಳು. ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಒದ್ದೆ ಬಟ್ಟೆಯಿಂದ ಒಂದು ಗಾಲಿ, ಆಮೇಲೆ ಇನ್ನೊಂದು, ಆಮೇಲೆ ಹಿಡಿ, ಆಮೇಲೆ ಮೂಲೆಗಳು. ಎಲ್ಲ ಮುಗಿಸಿ ಬಟ್ಟೆ ಬಿಡಿಸಿ ನೋಡಿದರೆ ಅದು ಮೊದಲು ಎಷ್ಟು ಬೆಳ್ಳಗಿತ್ತೋ ಈಗಲೂ ಅಷ್ಟೇ ಬೆಳ್ಳಗಿತ್ತು. ದೇಶ ಸುತ್ತಿ ಬಂದ ಪೆಟ್ಟಿಗೆ ಇಷ್ಟು ಚೊಕ್ಕಟವಾಗಿರುವುದನ್ನು ಕಂಡು ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಬಸ್ ನಿಲ್ದಾಣದವರೆಗೆ ಹೋಗಿ ಬರುವಷ್ಟರಲ್ಲಿ ಅವಳ ಚಪ್ಪಲಿ ಹೊಂಡದಿಂದ ಎದ್ದು ಬಂದ ಎಮ್ಮೆಯಂತಾಗುತ್ತಿತ್ತು.

ಪೆಟ್ಟಿಗೆ ಅವಳದಲ್ಲ. ಅವಳು ಕೆಲಸ ಮಾಡುವ ಕೊಡೆ ಕಾರ್ಖಾನೆಯಲ್ಲಿ ಕೊಡೆಗಳಿಗೆ ಹಿಡಿಕೆ ಕೂರಿಸುವ ಹಿಡಿಕೆಯಕ್ಕನದು. ಹಿಡಿಕೆಯಕ್ಕನ ಕೈ ದಾಟಿದ ಕೊಡೆ ಅವಳ ಕೈಗೆ ಬರುತ್ತಿತ್ತು. ಗುಂಡಿ ಒತ್ತಿ ಬಿಚ್ಚಬೇಕು, ಬೆಳಕಿಗೆ ಹಿಡಿದು ತೂತಿದೆಯೇ ನೋಡಬೇಕು, ಮುಚ್ಚಬೇಕು. ಬೆಳಗಿನಿಂದ ಸಂಜೆಯವರೆಗೆ ಬಿಚ್ಚುವುದು, ಮುಚ್ಚುವುದು. ಬಾಯಿ ಮಾತ್ರ ಸದಾ ಮುಚ್ಚಿದ್ದೇ. ಮಾತಾಡಲೇಬೇಕಾಗಿ ಬಂದರೆ ಎದುರಿನವರು ತಮ್ಮ ಕಿವಿಯನ್ನು ಅವಳ ತುಟಿಯ ಹತ್ತಿರ ತರಬೇಕಿತ್ತು. ಹಾಗಾಗಿ ಕಾರ್ಖಾನೆಯವರು ಅವಳಿಗೆ ಪಿಸುಮಾತು ಎಂದೇ ಹೆಸರಿಟ್ಟಿದ್ದರು. ಕರೆದಾಗ ಅವಳು ‘ಓ’ ಎನ್ನುತ್ತಿದ್ದಳು. ಅದೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಂಥವಳ ತಲೆಯ ಮೇಲೆ ನಿನ್ನೆ ಅದೃಷ್ಟ ಜಾರಿದ ಹೆಂಚಿನಂತೆ ಬಿದ್ದಿತ್ತು. ಯಜಮಾನರ ಕೋಣೆಯಲ್ಲಿ ಅವರಿಗೂ ಅವರ ಹೆಂಡತಿಯ ತಮ್ಮನಿಗೂ ಯಾವುದೋ ಜಗಳ. ಭಾವಮೈದುನ ಬಾಗಿಲನ್ನು ದಡಾರನೆ ಬಡಿದು ಹೊರಟುಹೋದ. ಅವನ ಹಿಂದೆಯೇ ಯಜಮಾನರು ಕೆಂಡದಂಥ ಮುಖ ಹೊತ್ತು ಕೆಲಸದ ಹಾಲಿಗೆ ಬಂದರು.

“ಗಂಟಲು ಹರ್ಕೊಳ್ಳೋರ ಸಹವಾಸ ಸಾಕಪ್ಪಾ ಸಾಕು,” ಎನ್ನುತ್ತ ಸುತ್ತ ನೋಡಿದರು. ಕಣ್ಣು ಪಿಸುಮಾತಿನ ಮೇಲೆ ನಿಂತಿತು. “ಏ, ನೀನು! ನಾಳೆ ಸಂಜೆ ಸಮುದ್ರದಾಚೆ ಹೊರಡು. ನಮ್ಮ ದೊಡ್ಡ ವ್ಯಾಪಾರಿಗೆ ಈ ವರ್ಷದ ಕೊಡೆ ಬಿಚ್ಚಿ ತೋರಿಸಿ ಬಾ. ಆ ಊರಲ್ಲಿ ಮೆತ್ತಗೆ ಮಾತಾಡೋರಿಗೇ ಬೆಲೆ. ನಿನಗಿಂತ ಮೆತ್ತಗೆ ಮಾತಾಡೋದು ಗೋಡೆ ಒಂದೇ.”

ಸಮುದ್ರದಾಚೆ ಎಂದರೆ ಆಗ್ನೇಯ ಏಷ್ಯಾದ ಒಂದು ಮಹಾನಗರ. ಮಧ್ಯಾಹ್ನವಾದರೆ ಸಾಕು, ಅಲ್ಲಿ ಯಾರೋ ಮೇಲಿನಿಂದ ಕೊಡ ಬೋರಲು ಹಾಕಿದಂತೆ ಮಳೆಯಂತೆ. ವರ್ಷಕ್ಕೊಮ್ಮೆ ಕಾರ್ಖಾನೆಯಿಂದ ಒಬ್ಬರನ್ನು ಹೀಗೆ ಆರಿಸುವುದು ವಾಡಿಕೆ. ಅದಕ್ಕೆಂದೇ ಎಲ್ಲರಿಗೂ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದರು. ಪಿಸುಮಾತು ಶಾಲೆ ಬಿಟ್ಟು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಬಸ್ಸಿನ ಕೊನೆಯ ನಿಲ್ದಾಣದಾಚೆ ಎಂದೂ ಹೋದವಳಲ್ಲ. ಆ ನಗರ ಹೇಗಾದರೂ ಇರಲಿ, ಅವಳಿಗೆ ಒಂದೇ ಆಸೆ: ವಿಮಾನದ ಕಿಟಕಿಯಿಂದ ಮೋಡವನ್ನು ಮೇಲಿನಿಂದ ನೋಡಬೇಕು. ಇಷ್ಟು ದಿನ ಕೊಡೆಯ ಕೆಳಗೇ ಬದುಕಿದವಳಿಗೆ ಮೋಡದ ಬೆನ್ನು ಹೇಗಿರುತ್ತದೆಂದು ತಿಳಿಯಬೇಕಿತ್ತು.

“ಅಯ್ಯೋ, ಇನ್ನೂ ಪೆಟ್ಟಿಗೆ ಉಜ್ಜುತ್ತಾ ಕೂತಿದೀಯಲ್ಲೇ!” ಅತ್ತಿಗೆ ಸೆರಗು ಸಿಕ್ಕಿಸಿಕೊಳ್ಳುತ್ತ ಬಂದಳು. “ಬೀದಿಯವರೆಲ್ಲ ಆಗ್ಲೇ ಬಂದು ನಿಂತಿದಾರೆ.”

“ಯಾಕೆ ಅತ್ತಿಗೆ?”

“ಏನು?”

“ಯಾಕೆ ಅಂದೆ.”

“ನಿನ್ನ ನೋಡೋಕೆ! ಈ ಬೀದೀಲಿ ವಿಮಾನ ಹತ್ತೋಳು ನೀನೇ ಮೊದಲು. ನಿನ್ನೆ ಮನೆಮನೆಗೂ ಹೋಗಿ ಹೇಳಿ ಬಂದಿದೀನಿ. ಸಂಜೆ ವಿಮಾನ ನಮ್ಮ ಮನೆ ಮೇಲೇ ಹೋಗೋದು. ನಾವೆಲ್ಲ ಕೈ ಬೀಸ್ತೀವಿ, ನೀನೂ ಬೀಸು.”

ಬೀದಿ ತುದಿಯವರೆಗೆ ಮೆರವಣಿಗೆಯೇ ಆಯಿತು. ಇಸ್ತ್ರಿಯವನು ಅಲ್ಲಿನ ನಲ್ಲಿ ನೀರು ಕುಡಿಯಬೇಡ ಎಂದ. ಹಾಲಿನವಳು ಕಿವಿಗೆ ಹತ್ತಿ ಇಟ್ಟುಕೋ ಎಂದಳು. ಇಂಥವರ ನಡುವೆ ಪೆಟ್ಟಿಗೆ ಎಳೆಯುತ್ತ ಹೋಗುವಾಗ ಪಿಸುಮಾತಿಗೆ ತಾನು ಹೊಸ ಮದುಮಗಳೋ ಪೊಲೀಸರ ಕೈಗೆ ಸಿಕ್ಕಿಬಿದ್ದ ಕಳ್ಳಿಯೋ ತಿಳಿಯಲಿಲ್ಲ. ಎರಡಕ್ಕೂ ತಲೆ ತಗ್ಗಿಸಿಯೇ ನಡೆಯಬೇಕಾದ್ದರಿಂದ ತಗ್ಗಿಸಿದಳು.

ಕಾರ್ಖಾನೆಯಲ್ಲಿ ಅವಳಿಗಾಗಿ ಎಲ್ಲರೂ ಕಾಯುತ್ತಿದ್ದರು. ಮೊದಲು ಹಿಡಿದುಕೊಂಡವರು ಕೊಡೆಗೆ ಕಡ್ಡಿ ಜೋಡಿಸುವ ಕಡ್ಡಿ ಮಾಸ್ತರರು. ಕೈಯಲ್ಲಿ ಎರಡು ದಪ್ಪ ಸ್ವೆಟರ್.

“ಅಲ್ಲಿ ಹೊರಗೆ ಬೆಂಕಿ, ಒಳಗೆ ಮಂಜು,” ಎಂದರು. “ಆಫೀಸು, ಅಂಗಡಿ, ಕಾರು, ಎಲ್ಲಾ ಕಡೆ ಎಸಿ. ಹಲ್ಲು ಕಟಕಟ ಅನ್ನುತ್ತೆ. ನನ್ನ ಸರದಿ ಬಂದಾಗ ತಗೊಂಡಿದ್ದು. ಈಗಲೇ ಹಾಕ್ಕೊ, ಅಭ್ಯಾಸ ಆಗ್ಲಿ. ಮತ್ತೆ ಕೂತಾಗ ಅಂಗಾಲು ಯಾರ ಕಡೆಗೂ ತೋರಿಸ್ಬೇಡ. ಯಾರ ತಲೆಗೂ ಕೈ ತಾಗಿಸ್ಬೇಡ. ತಲೆ ಮುಟ್ಟಿದ್ರೆ ವ್ಯಾಪಾರ ಮುಗೀತು ಅಂತ್ಲೇ ತಿಳ್ಕೊ.”

ಸ್ವೆಟರಿನ ಕತ್ತಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಮಾಸ್ತರರು ಎಷ್ಟು ಜೋಪಾನದ ಮನುಷ್ಯರು, ಚೀಟಿ ಕೂಡ ಕೆಡದಂತೆ ಪರದೇಶದಲ್ಲಿ ಸ್ವೆಟರ್ ಹಾಕಿ ಬಂದಿದ್ದಾರಲ್ಲ ಎಂದು ಪಿಸುಮಾತು ಬೆರಗಾದಳು. ಬೇಡ ಎನ್ನುವುದಕ್ಕೆ ಧ್ವನಿ ಬೇಕು. ಸ್ವೆಟರ್ ಹಾಕಿಕೊಳ್ಳುವುದಕ್ಕೆ ಬೇಡ. ಎರಡನ್ನೂ ಹಾಕಿಕೊಂಡಳು.

“ಅದೆಲ್ಲ ಸಣ್ಣ ವಿಷಯ,” ಎಂದು ಲೆಕ್ಕದವರು ಕನ್ನಡಕ ಏರಿಸುತ್ತ ನಡುವೆ ನುಗ್ಗಿದರು. “ಮುಖ್ಯವಾದ್ದು ಕೇಳು. ಅಲ್ಲಿ ಯಾರೂ ಮುಖದ ಮೇಲೆ ‘ಇಲ್ಲ’ ಅನ್ನಲ್ಲ. ‘ಇಲ್ಲ’ ಅಂದ್ರೆ ಎದುರಿನವರ ಮಾನ ಹೋಗುತ್ತೆ. ‘ನೋಡೋಣ’ ಅನ್ನು, ‘ಪ್ರಯತ್ನ ಮಾಡ್ತೀವಿ’ ಅನ್ನು, ‘ಖಂಡಿತ ಯೋಚಿಸ್ತೀವಿ’ ಅನ್ನು. ನಗು ಬಿಡಬೇಡ. ಗೊತ್ತಾಯ್ತಾ?”

“ಇಲ್ಲ…”

“ನೋಡು, ಆಗ್ಲೇ ‘ಇಲ್ಲ’ ಅಂದೆ!”

“ನೋಡೋಣ,” ಎಂದಳು ಪಿಸುಮಾತು.

“ಹಾಂ! ಹಾಗೆ!”

ಹಿಡಿಕೆಯಕ್ಕನ ಪಾಠ ಕೈಕಾಲಿನದು. ಪ್ರತಿ ಬಾಗಿಲಲ್ಲೂ ಚಪ್ಪಲಿ ಬಿಡಬೇಕು. ಕಂಪನಿಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಬಾಗಿ ಕೊಡಬೇಕು. ಅವರು ಕೊಟ್ಟ ಕಾರ್ಡನ್ನು ಮಗುವಿನ ಮುಖ ನೋಡಿದಂತೆ ನೋಡಬೇಕು.

“ಎರಡೂ ಕೈಯಲ್ಲಿ ಕಾರ್ಡ್ ಹಿಡಿದ್ರೆ ಕೊಡೆ ಎಲ್ಲಿಡೋದು ಅಕ್ಕಾ?”

ಹಿಡಿಕೆಯಕ್ಕ ಯೋಚಿಸಿದಳು. ಆ ಪ್ರಶ್ನೆ ಈವರೆಗೆ ಅವಳ ತಲೆಗೆ ಬಂದಂತಿರಲಿಲ್ಲ. “ಕಂಕುಳಲ್ಲಿ ಇಟ್ಕೊ,” ಎಂದಳು ಕೊನೆಗೆ.

“ಅಲ್ಲಿ ವಿಮಾನದಿಂದ ಮೋಡ ಹೇಗೆ ಕಾಣುತ್ತೆ?”

ಅಕ್ಕ ಹಿಡಿಕೆಯೊಂದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. “ನೀನು ನೋಡ್ಕೊಂಡು ಬಂದು ನನಗೆ ಹೇಳು,” ಎಂದಳು. ಪರದೇಶ ನೋಡಿ ಬಂದರೂ ದೊಡ್ಡವರಿಗೆ ಜಂಬವಿಲ್ಲ ಎಂದುಕೊಂಡಳು ಪಿಸುಮಾತು.

ಮಧ್ಯಾಹ್ನ ಯಜಮಾನರು ಪರೀಕ್ಷೆ ಇಟ್ಟರು. ತಾವೇ ಪರದೇಶದ ವ್ಯಾಪಾರಿಯಾಗಿ, ಕಾಲ ಮೇಲೆ ಕಾಲು ಹಾಕಿ, ಟೀ ಲೋಟ ಹಿಡಿದು ಕೂತರು. ಪಕ್ಕದಲ್ಲಿ ಲೆಕ್ಕದವರು. ಉಳಿದವರೆಲ್ಲ ಬಾಗಿಲಲ್ಲಿ ಕತ್ತು ತೂರಿಸಿ ನಿಂತರು.

ಎರಡು ಸ್ವೆಟರಿನೊಳಗೆ ಪಿಸುಮಾತು ಆಗಲೇ ಹಬೆಯಲ್ಲಿ ಬೆಂದಿದ್ದಳು. ಆದರೂ ಪಾಠ ಮರೆಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ನಕ್ಕಳು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಕಾರ್ಡ್ ಹಿಡಿದು ತುಸು ಬಾಗಿದಳು. ಬಾಗಿದ್ದೇ ತಪ್ಪಾಯಿತು. ತೋಳು ಕೊಡೆಯ ಗುಂಡಿಯನ್ನು ಒತ್ತಿತು. ಹಿಡಿಕೆಯಕ್ಕ ಕೂರಿಸಿದ ಹಿಡಿಕೆ, ಕಡ್ಡಿ ಮಾಸ್ತರರು ಜೋಡಿಸಿದ ಕಡ್ಡಿ. ಕೆಲಸದಲ್ಲಿ ಒಂದಿಷ್ಟೂ ಲೋಪವಿರಲಿಲ್ಲ. ಕೊಡೆ ಫಟ್ಟೆಂದು ಅರಳಿತು. ಲೆಕ್ಕದವರ ಕನ್ನಡಕ ಹಾರಿ ಕಿಟಕಿಯ ಪರದೆಗೆ ನೇತುಬಿತ್ತು. ಟೀ ಲೋಟ ಯಜಮಾನರ ಮಡಿಲಿಗೆ ಉರುಳಿತು. ಕಂಕುಳಿಂದ ಜಾರಿದ ಕೊಡೆ ಮೆಲ್ಲಗೆ ಹೋಗಿ ಕೋಳಿಮರಿಯ ಮೇಲೆ ಬುಟ್ಟಿ ಕವುಚಿದಂತೆ ಯಜಮಾನರ ತಲೆಯ ಮೇಲೆ ಕೂತಿತು.

“ತಲೆ! ತಲೆ!” ಎಂದು ಬಾಗಿಲಲ್ಲಿ ಕಡ್ಡಿ ಮಾಸ್ತರರು ನರಳಿದರು.

ಕೊಡೆಯೊಳಗಿಂದ ಯಜಮಾನರ ಧ್ವನಿ ಬಂತು. ಅವರು ಇನ್ನೂ ವ್ಯಾಪಾರಿಯೇ ಆಗಿದ್ದರು.

“ನಿಮ್ಮ ಕೊಡೆ ಸೋರುತ್ತಾ?”

‘ಇಲ್ಲ’ ಎಂಬುದು ಪಿಸುಮಾತಿನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ನಕ್ಕಳು. “ನೋಡೋಣ,” ಎಂದಳು.

“ಗಾಳಿ ಬೀಸಿದ್ರೆ ಕಡ್ಡಿ ಮುರಿಯುತ್ತಾ?”

“ಪ್ರಯತ್ನ ಮಾಡ್ತೀವಿ.”

ಕೊಡೆ ಸ್ವಲ್ಪ ಅಲುಗಿತು. “ನಿಮ್ಮ ಯಜಮಾನ ಮೋಸಗಾರನಾ?”

“ಖಂಡಿತ ಯೋಚಿಸ್ತೀವಿ.”

ಯಜಮಾನರು ಕೊಡೆ ತೆಗೆದು, ತೊಯ್ದ ಮಡಿಲನ್ನೂ ಅವಳನ್ನೂ ನೋಡಿದರು. “ಹೋಗು,” ಎಂದರು, “ಪೆಟ್ಟಿಗೆ ತುಂಬ್ಕೊ.”

ಅಂದರೆ ಪಾಸು! ಪಿಸುಮಾತಿನ ಎದೆ ಕೊಡೆಯಂತೆಯೇ ಅರಳಿತು. ಮಾದರಿಯ ಕೊಡೆಗಳನ್ನು ಚೀಲಕ್ಕೆ ಹಾಕಿದಳು. ಪೆಟ್ಟಿಗೆಗೆ ಎಲ್ಲರೂ ಕೊಟ್ಟದ್ದು ತುಂಬಿದಳು: ಪರದೇಶದ ಕರೆಂಟಿಗೆಂದು ಲೆಕ್ಕದವರು ಕೊಂಡಿಟ್ಟಿದ್ದ ಹೊಸ ಪ್ಲಗ್ಗು, ಸೊಳ್ಳೆ ಮುಲಾಮು, ಒಣಹಣ್ಣು, ನೋವಿನ ಎಣ್ಣೆ, ಮಳೆಗೆ ರಬ್ಬರ್ ಬೂಟು. ಮುಚ್ಚಳ ಮುಚ್ಚುವುದಕ್ಕೆ ಹಿಡಿಕೆಯಕ್ಕ ಅದರ ಮೇಲೆ ಕೂರಬೇಕಾಯಿತು.

ಸಂಜೆ ಹೊರಗೆ ಕಾರಿನ ಹಾರ್ನ್ ಕೇಳಿತು. ಪಿಸುಮಾತು ಒಂದು ಕೈಯಲ್ಲಿ ಮಾದರಿಯ ಚೀಲ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಹಾಲಿನ ಬಾಗಿಲಿಗೆ ಬಂದಳು. ಎದುರಿನಿಂದ ಯಜಮಾನರೂ ಭಾವಮೈದುನನೂ ಹೆಗಲ ಮೇಲೆ ಕೈ ಹಾಕಿಕೊಂಡು, ನಿನ್ನೆ ಬಡಿದ ಬಾಗಿಲು ಇನ್ನಾರದೋ ಎಂಬಂತೆ ನಗುತ್ತ ಬಂದರು. ಭಾವಮೈದುನನ ಕೈಯಲ್ಲಿ ಊಟದ ಡಬ್ಬಿಯಷ್ಟು ಸಣ್ಣ ಚೀಲ.

“ಇವನ ಅಕ್ಕ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿದ್ಲು,” ಎಂದರು ಯಜಮಾನರು ಉದಾರವಾಗಿ. “ಕೋಪ ಎಲ್ಲ ಇಳೀತು. ಇವನೇ ಹೋಗ್ತಾನೆ. ಟಿಕೆಟ್ ಹೇಗೂ ಇವನ ಹೆಸರಲ್ಲೇ ಇತ್ತು. ನಿನ್ನ ಶ್ರಮ ದಂಡ ಆಗಲ್ಲಮ್ಮ, ಮುಂದಿನ ಸಲ ನೋಡೋಣ.”

ಆ ‘ನೋಡೋಣ’ದ ಅರ್ಥ ಪಿಸುಮಾತು ಬೆಳಿಗ್ಗೆಯೇ ಕಲಿತಿದ್ದಳು. ಭಾವಮೈದುನ ಕೈ ಚಾಚಿದ. ಅವಳು ಮಾದರಿಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಬಾಗಿ ಕೊಟ್ಟಳು. ಕೊಟ್ಟ ಮೇಲೂ ಮನಸ್ಸು ತಡೆಯಲಿಲ್ಲ.

“ಅಲ್ಲಿ… ಸ್ವೆಟರ್ ಬೇಕಾಗುತ್ತೆ ಅಣ್ಣಾ.”

ಅವನು ಕಿವಿ ಹತ್ತಿರ ತಂದು ಕೇಳಿಸಿಕೊಂಡು ಗಹಗಹಿಸಿ ನಕ್ಕ. “ಯಾರು ಹೇಳಿದ್ದು? ಪ್ರತಿ ವರ್ಷ ಹೋಗೋನು ನಾನು! ಒಂದು ದಿನಾನೂ ಹಾಕಿಲ್ಲ.”

“ಪ್ರತಿ ವರ್ಷ?”

“ಮತ್ತಿನ್ಯಾರು ಹೋಗ್ತಾರೆ?” ಎಂದು ಅವನು ಕಾರು ಹತ್ತಿದ.

ಪಿಸುಮಾತು ಕೆಲಸದ ಹಾಲಿನ ಕಡೆ ತಿರುಗಿದಳು. ಎಲ್ಲರೂ ತಲೆ ತಗ್ಗಿಸಿ ಇದ್ದಕ್ಕಿದ್ದಂತೆ ಭಾರೀ ಕೆಲಸದಲ್ಲಿ ಮುಳುಗಿದ್ದರು. ಅವಳಿಗೆ ಬೆಳಗಿನ ಬೆಳ್ಳನೆಯ ಬಟ್ಟೆ ನೆನಪಾಯಿತು.

“ಅಕ್ಕಾ, ಈ ಪೆಟ್ಟಿಗೆ ಎಲ್ಲೀವರೆಗೆ ಹೋಗಿದೆ?”

ಹಿಡಿಕೆಯಕ್ಕ ಮುಖ ಎತ್ತಲಿಲ್ಲ. “ಬಾಗಿಲವರೆಗೆ ಕಣೆ. ಲೆಕ್ಕದವರದ್ದು ಕಾರಿನ ಡಿಕ್ಕಿವರೆಗೂ ಹೋಗಿತ್ತು.”

“ಡಿಕ್ಕಿ ಮುಚ್ಚಿದ್ರು ಕೂಡ,” ಎಂದರು ಲೆಕ್ಕದವರು, ತುಸು ಹೆಮ್ಮೆಯಿಂದಲೇ. “ಆಮೇಲೆ ಮತ್ತೆ ತೆಗೆದ್ರು.”

“ಹಾಗಾದ್ರೆ ಈ ಬುದ್ಧಿಮಾತೆಲ್ಲ ಯಾರು ಹೇಳಿದ್ದು?”

“ನನಗೆ ಲೆಕ್ಕದವರು ಹೇಳಿದ್ರು,” ಎಂದಳು ಅಕ್ಕ.

“ನನಗೆ ಕಡ್ಡಿ ಮಾಸ್ತರು,” ಎಂದರು ಲೆಕ್ಕದವರು.

ಎಲ್ಲರೂ ಕಡ್ಡಿ ಮಾಸ್ತರರನ್ನು ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. “ನನಗೆ, ನನಗಿಂತ ಮುಂಚೆ ಹೋಗದೇ ಇದ್ದೋರು.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಇವತ್ತಿನ ದಿನ ನಿನಗೆ ಸಿಗ್ತಿತ್ತಾ?” ಅಕ್ಕನ ಧ್ವನಿಯೂ ಪಿಸುಮಾತಿನ ಧ್ವನಿಯಷ್ಟೇ ಇಳಿಯಿತು. “ನನ್ನ ಆ ದಿನ ನನಗೆ ಇನ್ನೂ ನೆನಪಿದೆ ಕಣೆ. ಎಷ್ಟು ಚೆನ್ನಾಗಿತ್ತು! ಪೆಟ್ಟಿಗೆ ನಿನ್ನ ಹತ್ರಾನೇ ಇರ್ಲಿ. ಮುಂದಿನ ವರ್ಷ ಯಾರಿಗಾದ್ರೂ ಬೇಕಾಗುತ್ತೆ.”

ಗೇಟಿನಾಚೆ ಪಿಸುಮಾತು ಪೆಟ್ಟಿಗೆಯ ಮೇಲೆ ಕೂತಳು. ಮೈಮೇಲೆ ಆ ಎರಡು ಸ್ವೆಟರ್ ಇನ್ನೂ ಹಾಗೇ. ಮನೆಗೆ ಹೋಗುವುದಕ್ಕೆ ಬೀದಿ ಒಂದೇ. ಬೀದಿಯ ತುಂಬ ಬೆಳಿಗ್ಗೆ ಕಳಿಸಿಕೊಟ್ಟ ಜನ. ಆದರೆ ಮನೆಯ ಹಿಂದೆ, ಬಚ್ಚಲಿನ ಪಕ್ಕ, ಚರಂಡಿಯ ಉದ್ದಕ್ಕೂ ಬಂದರೆ ಒಂದು ಬಾಗಿಲಿತ್ತು. ಅದಕ್ಕೆ ಒಳಗಿನಿಂದ ಚಿಲಕ. ಅವಳು ಫೋನ್ ತೆಗೆದು ಅತ್ತಿಗೆಗೆ ಮಾಡಿದಳು.

ಆ ಕಡೆ ಸಂತೆಯಂಥ ಗದ್ದಲ. “ಯಾರು? ಅಯ್ಯೋ ನೀನೇನೇ! ಬನ್ನಿ ಎಲ್ಲರೂ, ವಿಮಾನದ ಒಳಗಿಂದ್ಲೇ ಫೋನ್ ಮಾಡ್ತಿದಾಳೆ!”

“ಅತ್ತಿಗೆ…”

ತಲೆಯ ಮೇಲೆ ಗುಡುಗಿನಂಥ ಸದ್ದಾಯಿತು. ಪಿಸುಮಾತು ಕತ್ತೆತ್ತಿದಳು. ಸಂಜೆಯ ಬಿಸಿಲಲ್ಲಿ ಹೊಟ್ಟೆ ಹೊಳೆಯಿಸುತ್ತ ಒಂದು ವಿಮಾನ ಮೋಡದ ಕಡೆಗೆ ಏರುತ್ತಿತ್ತು. ಅದೇ ಸದ್ದು ಫೋನಿನೊಳಗೂ ಕೇಳಿತು.

“ಅಗೋ! ಅಗೋ ಅದೇ!” ಅತ್ತಿಗೆ ಕೂಗಿದಳು. “ಬೀಸಿ, ಎಲ್ಲರೂ ಕೈ ಬೀಸಿ! ನಮ್ಮ ನಾದಿನಿ! ಆ ಕಿಟಕೀಲಿ ಕಾಣ್ತಿದಾಳಲ್ಲ, ಅವಳೇ! ಏ ಹುಡುಗಿ, ನಾವು ಕಾಣ್ತಿದೀವಾ?”

ಬೀದಿಯವರೆಲ್ಲ ಹೋ ಎಂದು ಕೂಗುತ್ತಿದ್ದರು. ಪಿಸುಮಾತು ಫೋನನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದು, ತನ್ನಿಂದ ಆದಷ್ಟು ಜೋರಾಗಿ ಹೇಳಿದಳು:

“ಅತ್ತಿಗೆ, ಹಿಂದಿನ ಬಾಗಿಲ ಚಿಲಕ ತೆಗೆದಿಡಿ.”