ಸೋಡಾಬುಡ್ಡಿಯ ನಿವೃತ್ತಿ

“ಇನ್ನು ಈ ಜನ್ಮದಲ್ಲಿ ಮೂಗಿನ ಮೇಲೆ ಗಾಜು ಹೊರುವವನಲ್ಲ ನಾನು!”

ಹೀಗೆಂದು ಘೋಷಿಸಿದ್ದು 2003ರಲ್ಲಿ. ನನಗಾಗ ಮೂವತ್ತೊಂಬತ್ತು ವರ್ಷ, ನನ್ನ ಕನ್ನಡಕಕ್ಕೆ ಮೈನಸ್ ಏಳು. ಅದಿಲ್ಲದೆ ಜಯನಗರದ ನಮ್ಮ ಬೀದಿಯಲ್ಲಿ ಎಮ್ಮೆಗೂ ನಮಸ್ಕಾರ ಹೇಳಿದ ಮಹಾಪುರುಷ ನಾನು!

ಬುಧವಾರ ಬನಶಂಕರಿಯ ಕಣ್ಣಾಸ್ಪತ್ರೆಯಲ್ಲಿ ಲೇಸರ್ ಆಯಿತು. ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಹೆಸರು ನೆನಪಿದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಡಾಕ್ಟರಮ್ಮ ಕಪ್ಪು ಕನ್ನಡಕ ಕೊಟ್ಟು, “ಒಂದು ವಾರ ಕಣ್ಣಿಗೆ ಕೈ ತಾಗಿಸ್ಬೇಡಿ. ಕಣ್ಣಿನ ಮೇಲಿನ ಪದರ ಇನ್ನೂ ಹಸಿ ಇದೆ, ಒತ್ತಿದ್ರೆ ಜರುಗಿಬಿಡತ್ತೆ” ಎಂದರು. ಆ ಮಾತು ಕೇಳಿದ್ದೇ, ಊಟಕ್ಕೆ ಕೂತರೂ ಎಡಗೈ ತೊಡೆಯಡಿ!

ಹಳೆಯ ಸೋಡಾಬುಡ್ಡಿಯನ್ನು ಎಸೆಯಲು ಹೊರಟಾಗ ಹೆಂಡತಿ ವಾರಿಜಾ ಕಿತ್ತುಕೊಂಡಳು.

“ಇಷ್ಟು ವರ್ಷ ದಾರಿ ತೋರಿಸಿದೆ ರೀ. ದೇವರ ಮುಂದೆ ಇರ್ಲಿ.”

ಹಾಗೆ ಅದು ದೇವರ ಗೂಡಿನಲ್ಲಿ ನಿವೃತ್ತಿ ಪಡೆಯಿತು.

ಶುಕ್ರವಾರ ಸಂಜೆ ಪೂಜೆ. ಕಪ್ಪು ಕನ್ನಡಕ ತೆಗೆದಿಟ್ಟು ಅಡ್ಡಬಿದ್ದೆ. ಎಂದಿನಂತೆ ಎದ್ದು ಹಣೆಗೆ ಕುಂಕುಮ ಇಟ್ಟುಕೊಂಡೆ. ವಾರಿಜಾ ಮಂಗಳಾರತಿ ತಟ್ಟೆ ಚಾಚಿದಳು. ನಾನು ಎರಡೂ ಕೈಯಿಂದ ಆರತಿ ತೆಗೆದುಕೊಂಡು, ಅಪ್ಪ ಕಲಿಸಿದಂತೆ, ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡೆ!

“ಅಯ್ಯೋ! ಕಣ್ಣು ಮುಟ್ಬಿಟ್ರಲ್ರೀ!”

ಕೈ ತೆಗೆದೆ. ಲೋಕವೆಲ್ಲ ಮಂಜು. ಮಂಜಿನ ತುಂಬ ಕೆಂಪು!

“ರಕ್ತ! ಪದರ ಜರುಗಿಹೋಯ್ತು! ನನ್ನ ಕಣ್ಣು ಹೋಯ್ತು ಕಣೇ!”

ಕಣ್ಣು ಬಿಗಿಯಾಗಿ ಮುಚ್ಚಿ, ಮುಖದ ಮೇಲೆ ಟವೆಲ್ ಎಳೆದುಕೊಂಡೆ. ವಾರಿಜಾ ಕೈಹಿಡಿದು ಆಟೋ ಹತ್ತಿಸಿದಳು.

“ನಿಧಾನ ಅಣ್ಣ, ಪದರ!” ಎಂದೆ ನಾನು. “ಬೇಗ ಅಣ್ಣ, ಕಣ್ಣು!” ಎಂದಳು ಅವಳು.

“ಯಾವ್ದಾದ್ರೂ ಒಂದು ಹೇಳಿ ಮೇಡಂ,” ಎಂದ ಆಟೋದವನು.

ಈಗ ನಗುತ್ತೇನೆ, ಆಗ ನಗು ಬರಲಿಲ್ಲ. ಮಗಳು ಸುರಭಿಯ ಮುಖವನ್ನು ಕನ್ನಡಕವಿಲ್ಲದೆ ಕಂಡದ್ದು ಎರಡೇ ದಿನ. ಇನ್ನು ಕಾಣುತ್ತೇನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟವೆಲ್ ಸರಿಸಿದರು.

“ಕಣ್ಣು ಬಿಡಿ ಸಾರ್.”

“ಧೈರ್ಯ ಇಲ್ಲ ಮೇಡಂ.”

“ಹಾಗಾದ್ರೆ ಕನ್ನಡಕನಾದ್ರೂ ತೆಗೀರಿ!”

ಯಾವ ಕನ್ನಡಕ? ಮೂಗು ತಡವಿದೆ. ಸೋಡಾಬುಡ್ಡಿ! ಅಡ್ಡಬಿದ್ದು ಎದ್ದ ಕೂಡಲೇ ಕನ್ನಡಕ ಏರಿಸುವುದು ನನ್ನ ಹಳೆಯ ಚಾಳಿ. ಕೈ ತಾನಾಗಿ ದೇವರ ಗೂಡಿಗೆ ಹೋಗಿ, ಕಪ್ಪನ್ನು ಬಿಟ್ಟು ಹಳೆಯದನ್ನೇ ತಂದು ಮೂಗಿಗೆ ಏರಿಸಿತ್ತು. ಮಂಜು ಮೈನಸ್ ಏಳರ ಕೃಪೆ. ಕೆಂಪು, ಗಾಜಿಗೆ ಮೆತ್ತಿದ ಕುಂಕುಮ!

“ಕಣ್ಣಿಗೇನೂ ಆಗಿಲ್ಲ. ಬೆರಳು ಒತ್ತಿದ್ದು ಗಾಜಿಗೆ. ಇದಿಲ್ದೇ ಹೋಗಿದ್ರೆ ಕಷ್ಟ ಇತ್ತು,” ಎಂದರು ಡಾಕ್ಟರಮ್ಮ.

ನಾನು ವಾರಿಜಾ ಮೇಲೆ ರೇಗಿದೆ. “ನಿನಗಾದ್ರೂ ಕಾಣ್ಲಿಲ್ವಾ?”

“ಹದಿನೈದು ವರ್ಷದಿಂದ ನೋಡ್ತಿರೋ ಮುಖ. ಇವತ್ತೇ ಸರಿಯಾಗಿದೆ ಅಂದ್ಕೊಂಡೆ ರೀ!”

ಸೋಡಾಬುಡ್ಡಿ ಗೂಡಿಗೆ ಮರಳಿತು. ಪ್ರತಿ ಶುಕ್ರವಾರ ವಾರಿಜಾ ಅದಕ್ಕೂ ಒಂದು ಹೂ ಏರಿಸುತ್ತಾಳೆ. ಎಸೆಯಲು ಹೊರಟಿದ್ದ ನಾನು, ತೆಪ್ಪಗೆ ಅದಕ್ಕೂ ಅಡ್ಡಬೀಳುತ್ತೇನೆ!