ಮುದ್ದೆ ಆರುವ ಮುಂಚೆ ಮುಟ್ಟುವ ಮನೆ

"ಅಕ್ಷರ ಬರದೋಳು ಹಿಂದೂಪುರಕ್ಕೆ ಹೋಗಿ ಏನ್ ಮಾಡ್ತೀಯ? ಬಸ್ಸಿನ ಬೋರ್ಡು ಓದಕ್ಕಾಗ್ದೆ ಎಲ್ಲೋ ಕಳ್ದೋಯ್ತೀಯ ಕಣಮ್ಮ" ಎಂದವರು ನನ್ನ ಭಾವ, ಅಂದರೆ ತೀರಿಹೋದ ನನ್ನ ಗಂಡನ ಅಣ್ಣ. ಹೇಳಿದ್ದು ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಹತ್ತು ಜನ ಕೇಳುವ ಹಾಗೆ. ನನ್ನ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಎಂಟು ವರ್ಷದ ಮಗಳು.

ಅವರ ಮಾತು ಒಂದೇ ಸಲ ನಿಜವಾಯಿತು. ಬಂದ ಮೂರನೇ ದಿನ ಕಾಲೇಜಿನ ಕಡೆ ಹೋಗುತ್ತದೆಂದು ಹತ್ತಿದ ಬಸ್ಸು ನನ್ನನ್ನು ರೊದ್ದಂನಲ್ಲಿ ಇಳಿಸಿತು. ತಪ್ಪಿ ಬಂದೆ ಎಂದು ಯಾರಿಗೂ ತೋರಿಸಿಕೊಳ್ಳಲಿಲ್ಲ. ಇಲ್ಲಿಗೇ ಬರಬೇಕಾಗಿತ್ತು ಎನ್ನುವ ಹಾಗೆ ಗತ್ತಿನಲ್ಲಿ ಒಂದು ಟೀ ಕುಡಿದು ಮುಂದಿನ ಬಸ್ಸಿಗೆ ವಾಪಸ್ ಬಂದೆ. ಅವತ್ತೇ ಬಸ್ಸಿನ ಸಹವಾಸ ಬಿಟ್ಟು ಕಾಲನ್ನು ನಂಬಿದೆ. ನಡೆಯುವವರಿಗೆ ಒಂದು ಲಾಭವಿದೆ. ಬಸ್ಸಿನವರಿಗೆ ಕಿಟಕಿಯಾಚೆ ಸರಿದು ಹೋಗುವ ತಮಾಷೆಗಳು ನಮಗೆ ಎದುರೇ ಬಂದು ನಿಲ್ಲುತ್ತವೆ.

ಒಂದಕ್ಷರಕ್ಕೆ ಒಂದು ಸೌಟು

ಡಿಗ್ರಿ ಕಾಲೇಜಿನ ಗೇಟಿನ ಎದುರು, ಬೇವಿನ ಮರದ ಕೆಳಗೆ, ಮಧ್ಯಾಹ್ನದ ಹೊತ್ತು ರಾಗಿಮುದ್ದೆ, ಸೊಪ್ಪಿನ ಸಾರು ಮಾರಲು ಶುರು ಮಾಡಿದೆ. ಇಲ್ಲಿ ಅರ್ಧ ಜನ ಅದನ್ನು ಸಂಗಟಿ ಎನ್ನುತ್ತಾರೆ. ಹೆಸರು ಯಾವುದಾದರೇನು, ನುಂಗುವುದು ಒಂದೇ ಥರ.

ಬುಟ್ಟಿ ತಲೆಮೇಲೆ ಹೊತ್ತು ದಿನಾ ಅದೇ ದಾರಿಯಲ್ಲಿ ಹೋಗುವಾಗ ಅಂಗಡಿಗಳ ಬೋರ್ಡು ನನ್ನನ್ನೇ ನೋಡಿ ನಕ್ಕ ಹಾಗಾಗುತ್ತಿತ್ತು. ಊಟಕ್ಕೆ ಬರುವ ಮಕ್ಕಳಿಗೆ ಹೇಳಿದೆ: ಒಂದಕ್ಷರ ಹೇಳಿಕೊಟ್ಟವರಿಗೆ ಒಂದು ಸೌಟು ಸಾರು ಜಾಸ್ತಿ. ಮೊದಲು ಕನ್ನಡ ಬಂತು. ತೆಲುಗು ಅಕ್ಷರಗಳು ಅದರ ಅಕ್ಕತಂಗಿಯರಂತೆ ಇದ್ದುದರಿಂದ ಅರ್ಧ ಖರ್ಚಿನಲ್ಲೇ ಮುಗಿದವು. ಆಮೇಲೆ ಸಾಮಾನು ಕಟ್ಟಿಕೊಟ್ಟ ಪೇಪರನ್ನೆಲ್ಲ ಬಿಡಿಸಿ ಓದುವುದೇ ನನ್ನ ಚಟವಾಯಿತು.

ಇನ್ನು ಕಲಿಯುವುದು ಮುಗಿಯಿತು, ನಾಳೆಯಿಂದ ಎಲ್ಲರಿಗೂ ಒಂದೇ ಅಳತೆ ಎಂದು ನಾನು ಸಾರಿದ ದಿನ ಒಬ್ಬ ಬಿ.ಎ. ಹುಡುಗಿ ತಟ್ಟೆಯಿಂದ ತಲೆ ಎತ್ತಿ ಹೇಳಿದಳು: "ಒತ್ತಕ್ಷರ ಪೂರ್ತಿ ಬಾಕಿ ಇದೆ ಅಕ್ಕಾ. ಅದು ಕಷ್ಟದ ಪಾಠ. ಅದಕ್ಕೆ ಮೊಟ್ಟೆ ಆಗ್ತದೆ."

ಐದು ನಿಮಿಷ

ಹನ್ನೊಂದು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆ. ಹೋದ ವರ್ಷ ಅದರ ಯಜಮಾನರು, ಮನೆ ಕೆಡವಿ ಅಂಗಡಿ ಕಟ್ಟುತ್ತೇವೆ, ದೀಪಾವಳಿಯೊಳಗೆ ಖಾಲಿ ಮಾಡಿ ಎಂದರು. ಇನ್ನೊಬ್ಬರ ಮನೆ ಸಾಕು, ಕೂಡಿಟ್ಟ ದುಡ್ಡಿಗೆ ಸಾಲ ಸೇರಿಸಿ ಸ್ವಂತದ್ದು ಕೊಳ್ಳುತ್ತೇನೆ, ಅದೂ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಎಂದು ಹಟ ಹಿಡಿದೆ. ಮಗಳೂ ಅದೇ ಕಾಲೇಜಿಗೆ ಸೇರಿದ್ದಳು. ಅದಕ್ಕಿಂತ ಮುಖ್ಯ, ಮನೆ ದೂರವಾದರೆ ಮುದ್ದೆ ದಾರಿಯಲ್ಲೇ ಆರುತ್ತದೆ. ಆರಿದ ಮುದ್ದೆ ಯಾರಿಗೆ ಬೇಕು? ವ್ಯಾಪಾರವೇ ನಿಂತುಹೋಗುತ್ತದೆ.

ಮನೆ ತೋರಿಸಲು ಬಂದ ಬ್ರೋಕರು ಎಲ್ಲ ಮನೆಗೂ "ಕಾಲೇಜಿಗೆ ಐದೇ ನಿಮಿಷ ಅಕ್ಕಾ" ಎನ್ನುತ್ತಿದ್ದ. ಅವನ ಐದು ನಿಮಿಷ ಬೈಕಿನದು, ಅದೂ ಪೊಲೀಸರಿಲ್ಲದ ದಿನದ್ದು. ಹಾಗಾಗಿ ನಾನು ನನ್ನದೇ ಗಡಿಯಾರ ಹಿಡಿದು ಹೊರಟೆ. ನೋಡಲು ಹೋದ ಮನೆಯ ಪಕ್ಕದವರ ಒಲೆ ಕೇಳಿಕೊಂಡು ಒಂದು ಮುದ್ದೆ ಕಟ್ಟುವುದು, ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಗೇಟಿನ ತನಕ ನಡೆಯುವುದು, ಅಲ್ಲಿ ಮುರಿದು ನೋಡುವುದು. ಹಬೆ ಎದ್ದರೆ ಮನೆ ಪಾಸು. ಪಕ್ಕದವರು ಒಲೆ ಕೊಡದಿದ್ದರೆ ನಡೆಯುವ ಮುಂಚೆಯೇ ಫೇಲು.

ಬ್ರೋಕರನೂ ಜೊತೆಗೆ ನಡೆಯಬೇಕಿತ್ತು. ಫೇಲಾದ ಮುದ್ದೆಯನ್ನು ಬಿಸಾಡುವುದು ಪಾಪ ಎಂದು ಕಡಲೆಕಾಯಿ ಚಟ್ನಿ ಜೊತೆ ಅವನಿಗೇ ಕೊಡುತ್ತಿದ್ದೆ. ಎಂಟು ಮನೆ ನೋಡಿದೆವು, ಎಂಟೂ ಫೇಲು. ಒಂದಂತೂ ಚಿಲಮತ್ತೂರು ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ ಇತ್ತು. ಇವನ ಮೇಲೆ ಅನುಮಾನ ಬಂದು, ಹತ್ತಿರ ಒಂದೂ ಮನೆಯಿಲ್ಲವೇನಪ್ಪ ಎಂದು ಗದರಿಸಿದೆ. ಅವನು ಬೆರಳು ನೆಕ್ಕುತ್ತಾ ನಿಜ ಬಾಯಿಬಿಟ್ಟ.

"ಒಂದೈತೆ ಅಕ್ಕಾ, ಗೇಟಿನ ಹಿಂದ್ಲ ಬೀದೀಲೇ. ಅದನ್ನ ತೋರ್ಸಿದ್ರೆ ಮುದ್ದೆ ಪಾಸಾಗ್ಬುಡ್ತದೆ. ಆಮೇಲೆ ನಾನ್ ಮಧ್ಯಾಹ್ನ ಎಲ್ಲಿಗ್ ಹೋಗ್ಲಿ?"

ಹೊಗಳಿ ಕೆಟ್ಟೆ

ಆ ಮನೆ ರಿಟೈರಾದ ಕಾಲೇಜು ಮೇಷ್ಟ್ರೊಬ್ಬರದು. ಮುದ್ದೆ ಪಾಸಾಗುವುದಿರಲಿ, ಗೇಟಿನಲ್ಲಿ ಮುರಿದಾಗ ನನ್ನ ಕೈ ಸುಟ್ಟಿತು. ಮೇಷ್ಟ್ರು ಜಗಲಿಯಲ್ಲಿ ಕೂರಿಸಿ, ಊರಲ್ಲಿ ಇಷ್ಟೊಂದು ಮನೆ ಇರುವಾಗ ಇದೇ ಏಕೆ ಬೇಕು ಎಂದು ವಿಚಾರಿಸಿದರು. ಪಶ್ಚಿಮಕ್ಕೆ ಇಳಿಯುತ್ತಿದ್ದ ಬಿಸಿಲು ಜಗಲಿ ದಾಟಿ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಆದರೂ ಕಣ್ಣು ಕಿರಿದು ಮಾಡಿಕೊಂಡೇ ಹೇಳಲು ಕೂತೆ.

ಹಾಲು ತರಲು ಚಪ್ಪಲಿಯೂ ಬೇಡ, ಬರಿಗಾಲಲ್ಲಿ ಹೋಗಿ ಬರಬಹುದು ಎಂದೆ. ರಾಗಿ ಮಿಲ್ಲು ತಿರುವಿನಲ್ಲೇ ಇದೆ, ಮೆಡಿಕಲ್ ಸ್ಟೋರು ಕೂಗಳತೆ, ಲೈಬ್ರರಿಗೆ ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಲೇ ಹೋಗಬಹುದು ಎಂದೆ. ಬೆಳಿಗ್ಗೆ ಮಕ್ಕಳು ಪಾಠ ಬಾಯಿಪಾಠ ಮಾಡುತ್ತಾ ಈ ಬೀದಿಯಲ್ಲಿ ಹೋಗುತ್ತಾರೆ, ಕಿಟಕಿ ತೆಗೆದು ಕೂತರೆ ಮೂರು ವರ್ಷಕ್ಕೆ ಫೀಸಿಲ್ಲದೆ ಡಿಗ್ರಿ ಆಗುತ್ತದೆ ಎಂದೆ. ಹೇಳಿದಷ್ಟೂ ಮೇಷ್ಟ್ರ ಮುಖ ಅರಳುತ್ತಾ ಹೋಯಿತು. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದರು:

"ನೀವು ಹೇಳೋದು ನಿಜ ಕಣಮ್ಮ. ಇಂಥಾ ಮನೆ ಯಾವನಾದ್ರೂ ಮಾರ್ತಾನಾ? ನಾನ್ ಮಾರಲ್ಲ."

ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಹೆಂಡತಿ ಸೌಟು ಹಿಡಿದೇ ಬಂದರು. ಅನಂತಪುರದಲ್ಲಿರುವ ತಂಗಿಯ ಪಕ್ಕದಲ್ಲಿ ಮನೆ ಮಾಡಬೇಕೆಂದು ಅವರು ನಾಲ್ಕು ವರ್ಷದಿಂದ ಕಾಯುತ್ತಿದ್ದರಂತೆ. ಅಡುಗೆಮನೆ ಸೋರುತ್ತದೆ ಎಂದರು. ಹುಡುಗರು ಕಾಂಪೌಂಡ್ ಮೇಲೆ ಕೂತು ಸುಣ್ಣ ಉದುರಿಸುತ್ತಾರೆ, ಕೋತಿಗಳು ನುಗ್ಗೆಕಾಯಿ ಒಂದೂ ಉಳಿಸುವುದಿಲ್ಲ, ಹಿತ್ತಿಲ ಬಾಗಿಲು ಮಳೆಗಾಲದಲ್ಲಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ತೆಗೆಯುವುದಿಲ್ಲ ಎಂದರು.

ಅರ್ಧ ಗಂಟೆ ಕೊಳ್ಳುವವಳು ಹೊಗಳುತ್ತಾ, ಮಾರುವವರು ಬೈಯುತ್ತಾ ಹೀಗೇ ಚೌಕಾಸಿ ನಡೆಯಿತು. ಕಾಫಿ ಬರುವ ಹೊತ್ತಿಗೆ ಮೇಷ್ಟ್ರು ಒಪ್ಪಿದ್ದರು, ನಾನು ಕೇಳದೆಯೇ ಬೆಲೆ ಒಂದು ಲಕ್ಷ ಇಳಿದಿತ್ತು.

ಪೂರ್ವಕ್ಕೆ ರಸ್ತೆ

ರಿಜಿಸ್ಟ್ರೇಷನ್ ದಿನ ದೀಪಾವಳಿಗೆ ಹದಿನೈದು ದಿನ ಉಳಿದಿತ್ತು. ಪತ್ರ ಬರೆದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಕಿನ ಪ್ಯಾಡು ತಳ್ಳಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದ. ಪ್ಯಾಡನ್ನು ವಾಪಸ್ ತಳ್ಳಿ, ಓದಿ ಸಹಿ ಹಾಕುತ್ತೇನೆ ಎಂದೆ. "ಎವರೂ ಚದವರಮ್ಮಾ" ಎಂದ, ಯಾರೂ ಓದುವುದಿಲ್ಲವಂತೆ. ನಾನು ಬೆರಳಿಟ್ಟು ಮೊದಲ ಸಾಲಿನಿಂದ ಶುರು ಮಾಡಿದೆ. ತೆಲುಗು, ಅದೂ ಕಚೇರಿ ತೆಲುಗು. ಹಿಂದೆ ನಿಂತಿದ್ದವರಲ್ಲಿ ಒಬ್ಬರು ಊಟ ಮುಗಿಸಿ ಬಂದರೂ ನಾನಿನ್ನೂ ಎರಡನೇ ಪುಟದಲ್ಲಿದ್ದೆ.

ಮೂರನೇ ಪುಟದಲ್ಲಿ ಚೆಕ್ಕುಬಂದಿ ಬಂತು, ಅಂದರೆ ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಮನೆ ಎಂದಿತ್ತು. ಮೇಷ್ಟ್ರ ಜಗಲಿಯಲ್ಲಿ ಕೂತ ಸಂಜೆ ರಸ್ತೆ ಕಡೆಯಿಂದಲೇ ಬಿಸಿಲು ನನ್ನ ಕಣ್ಣಿಗೆ ಹೊಡೆದಿದ್ದಲ್ಲವೇ? ಸೂರ್ಯ ಪೂರ್ವದಲ್ಲಿ ಮುಳುಗಿದ್ದು ನಾನು ಕಂಡಿಲ್ಲ. ಪೂರ್ವಕ್ಕೆ ರಸ್ತೆ ಇರುವುದು ಎದುರು ಸಾಲಿನ ಮನೆಗೆ.

ಪತ್ರ ಬರೆದವನು, ಮೇಷ್ಟ್ರ ಹಳೆಯ ಪತ್ರದಲ್ಲಿ ಇದ್ದದ್ದನ್ನೇ ಇಳಿಸಿದ್ದೇನೆ ಎಂದ. ಹಳೆಯ ಪತ್ರ ತೆಗೆದು ನೋಡಿದರೆ ಅದರಲ್ಲೂ ಹಾಗೇ ಇತ್ತು. ಮೂವತ್ತೊಂದು ವರ್ಷದಿಂದ ಮೇಷ್ಟ್ರು ಕಾಗದದಲ್ಲಿ ಎದುರು ಮನೆಗೆ ಯಜಮಾನರಾಗಿ, ವಾಸಕ್ಕೆ ಮಾತ್ರ ಈ ಕಡೆ ಇದ್ದರು.

ಈಗ ಸಹಿ ಹಾಕಿಬಿಡಿ, ಆಮೇಲೆ ತಿದ್ದಿಸೋಣ ಎಂದು ಎಲ್ಲರೂ ಒತ್ತಾಯಿಸಿದರು. ಖಾಲಿ ಮಾಡಬೇಕಾದ ದಿನ ಎದುರಿಗಿತ್ತು, ಮನಸ್ಸು ಒಂದು ಗಳಿಗೆ ತೂಗಾಡಿತು. ಆದರೂ ಪೆನ್ನಿನ ಮುಚ್ಚಳ ಹಾಕಿದೆ.

"ನಾನ್ ಕೊಳ್ತಿರೋದು ಈ ಕಡೆ ಮನೆ ಸಾಮಿ. ಇಷ್ಟು ದುಡ್ಡು ಕೊಟ್ಟು ಎದುರು ಮನೆಯೋರ ಜೊತೆ ಜಗಳ ಕೊಂಡ್ಕೊಳ್ಳಾಕಾಗಲ್ಲ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಮತ್ತೆ ಅದೇ ಸಾಲು ಓದುತ್ತಿದ್ದರು. ಅವರು ಕಾಲೇಜಿನಲ್ಲಿ ಏನು ಪಾಠ ಮಾಡುತ್ತಿದ್ದರೆಂದು ನನಗೆ ಗೊತ್ತಾಗಿದ್ದು ಆಗಲೇ, ಅವರ ಹೆಂಡತಿಯ ಬಾಯಲ್ಲಿ.

"ಮೂವತ್ತು ವರ್ಷ ಭೂಗೋಳ ಹೇಳ್ಕೊಟ್ರಿ. ಆಫ್ರಿಕಾದಲ್ಲಿ ಯಾವ ನದಿ ಯಾವ ಕಡೆ ಹರೀತದೆ ಅಂತ ನಿದ್ದೇಲೂ ಹೇಳ್ತೀರಿ. ನಮ್ಮನೆ ಬಾಗ್ಲು ಯಾವ ಕಡೆಗೈತೆ ಅಂತ ಮುದ್ದೆ ಮಾರೋ ಅಮ್ಮ ಹೇಳ್ಬೇಕಾಯ್ತು."

ಮೇಷ್ಟ್ರು ತಿದ್ದುಪಡಿ ಆಗುವ ತನಕ ಕಾಯುವುದು ಬೇಡವೆಂದು ಅವತ್ತೇ ಬೀಗದಕೈ ಕೊಟ್ಟರು. ಅವರಿಗೆ ಮನೆ ಮಾರಿದವರ ಮಗ ಸೋಮಂದೇಪಲ್ಲಿಯಿಂದ ಬಂದು ತಿದ್ದುಪಡಿ ಪತ್ರಕ್ಕೆ ಸಹಿ ಹಾಕಲು ಒಂದು ತಿಂಗಳಾಯಿತು. ಆಮೇಲೆ ನನ್ನ ಪತ್ರವನ್ನು ಮತ್ತೆ ಮೊದಲ ಸಾಲಿನಿಂದ ಓದಿ ಸಹಿ ಹಾಕಿದೆ.

ಈಗ ಕಾಲೇಜು ಗೇಟಿನಿಂದ ಆರುನೂರ ಹತ್ತು ಹೆಜ್ಜೆ ದೂರದಲ್ಲಿ, ಪಶ್ಚಿಮಕ್ಕೆ ರಸ್ತೆ ಇರುವ ಎರಡು ಕೋಣೆ, ಸೋರುವ ಒಂದು ಅಡುಗೆಮನೆ, ಕೋತಿಗಳ ಜೊತೆ ಪಾಲಿನಲ್ಲಿ ಒಂದು ನುಗ್ಗೆಮರ ನನ್ನ ಹೆಸರಿನಲ್ಲಿವೆ. ಬಿದ್ದ ಖರ್ಚು ಇಪ್ಪತ್ಮೂರು ಲಕ್ಷ, ಎರಡು ಜೊತೆ ಚಿನ್ನದ ಬಳೆ, ಸವೆದ ನಾಲ್ಕು ಜೊತೆ ಚಪ್ಪಲಿ.