ಹೃದಯದ ಪಾಠಕ್ಕೆ ಉಪ್ಪಿಟ್ಟು

ಮಕ್ಕಳಲ್ಲಿ ಮೂರು ಬಗೆಯಂತೆ: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು. ಶಿಕ್ಷಕರ ತರಬೇತಿಯಲ್ಲಿ ಇದನ್ನು ಕೇಳಿ ಬಂದ ಮೇಲೆ, ಜೀವಶಾಸ್ತ್ರ ಕಲಿಸುವುದರಲ್ಲಿ ಇನ್ನು ನನ್ನನ್ನು ಮೀರಿಸುವವರಿಲ್ಲ ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನ ಉಳಿಯಲಿಲ್ಲ!

ಒಂದೇ ಸಂಕಟ. ಹೊಸ ಕ್ರಮದಲ್ಲಿ ಮೇಷ್ಟ್ರು ಹೆಚ್ಚು ಮಾತಾಡಬಾರದು. ಹೆಂಡತಿಗೆ ಬೀದರ್‌ಗೆ ವರ್ಗವಾದ ಮೇಲೆ ಗಿರಿನಗರದ ಮನೆಯಲ್ಲಿ ನಾನೊಬ್ಬನೇ. ಈ ಊರಲ್ಲಿ ನನ್ನ ಮಾತು ಕೇಳುವವರೆಂದರೆ ಹತ್ತನೇ ಕ್ಲಾಸಿನ ನಲವತ್ತೆರಡು ಮಕ್ಕಳು. ಅವರನ್ನೂ ಕಳೆದುಕೊಳ್ಳುವುದೇ? ಅದಕ್ಕೇ ಒಂದು ಉಪಾಯ ಮಾಡಿದೆ. ಕೇಳಿ ಕಲಿಯುವವರಿಗಾಗಿ ಹೃದಯದ ಪಾಠವನ್ನು ಮನೆಯಲ್ಲೇ, ನನ್ನ ಧ್ವನಿಯಲ್ಲೇ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮರುದಿನ ಕೆಳಗಿನ ಮನೆಯ ಆಂಟಿ ಮೆಟ್ಟಿಲಲ್ಲಿ ಸಿಕ್ಕರು. "ಏನ್ ಮೇಷ್ಟ್ರೇ, ನೆನ್ನೆ ಮನೆಗೆ ಯಾರೋ ಬಂದಿದ್ರಲ್ಲಾ? ಮಾತು ಕೇಳಿಸ್ತಿತ್ತು."

"ಹೂಂ, ನೆಂಟ್ರು" ಎಂದೆ. ಬೇರೇನು ಹೇಳಲಿ?

ಪಾಠ ನೋಡಲು ಹೆಡ್‌ಮಿಸ್ ಖುದ್ದಾಗಿ ಆಗಮಿಸಿದರು. ನೋಡುವವರಿಗೆ ಚಾರ್ಟು. ಕೇಳುವವರಿಗೆ ಫೋನಿಗೆ ಜೋಡಿಸಿದ ಸ್ಪೀಕರಿನಲ್ಲಿ ನನ್ನ ರೆಕಾರ್ಡಿಂಗ್. ಮಾಡುವವರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಕೋಣೆಯ ಹೃದಯ. ಅವರೇ ರಕ್ತ, ಅದರೊಳಗೆ ಓಡಬೇಕು. ಓಡಿದರು! ಎಡಗಡೆಯ ರಕ್ತ ಬಲಗಡೆಗೆ ನುಗ್ಗಿತು. ಕವಾಟದ ಹತ್ತಿರ ಬನಶಂಕರಿ ಬಸ್‌ ಸ್ಟ್ಯಾಂಡಿನ ಮುಂದಿನಷ್ಟೇ ಜಾಮ್. ಚಾರ್ಟಿನವರು ಚಾರ್ಟು ಬಿಸಾಕಿ ರಕ್ತಕ್ಕೆ ಸೇರಿಕೊಂಡರು. ಈ ಗದ್ದಲದಲ್ಲೂ ಪಾಠ ಕೇಳಿಸಲಿ ಎಂದು ನಾನು ಸ್ಪೀಕರಿನ ವಾಲ್ಯೂಮ್ ಪೂರ್ತಿ ಏರಿಸಿದೆ.

ಪಾಠ ಮುಗಿಯಿತು. ರೆಕಾರ್ಡಿಂಗ್ ಮುಗಿಯಲಿಲ್ಲ. ಮನೆಯಲ್ಲಿ ಅದನ್ನು ನಿಲ್ಲಿಸುವುದನ್ನೇ ಮರೆತಿದ್ದೆ!

ಮೊದಲು ಪಾತ್ರೆಯ ಸದ್ದು. ಆಮೇಲೆ ನನ್ನ ಧ್ವನಿ: "ಏನ್ ಸಾರ್, ಇವತ್ತೂ ಉಪ್ಪಿಟ್ಟೇನಾ?"

ಮತ್ತೆ ನನ್ನದೇ ಧ್ವನಿ: "ಹೂಂ ಸಾರ್, ಉಪ್ಪಿಟ್ಟೇ. ಒಬ್ಬನಿಗೆ ಇನ್ನೇನ್ ಮಾಡ್ಕೊಳ್ಳೋದು?"

ರಕ್ತಸಂಚಾರ ಸ್ಥಗಿತಗೊಂಡಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೆಡ್‌ಮಿಸ್ ನೆಲ ನೋಡುತ್ತಾ "ಕಂಟಿನ್ಯೂ ಮಾಡಿ ಸಾರ್" ಎಂದು ಮೆಲ್ಲಗೆ ಹೊರಗೆ ಹೋದರು.

ಮರುದಿನ ಸಣ್ಣ ಪರೀಕ್ಷೆ ಕೊಟ್ಟೆ. ಹೃದಯದ ಎಡಭಾಗ ಏನು ಕೆಲಸ ಮಾಡುತ್ತದೆಂದು ಒಬ್ಬರೂ ಸರಿಯಾಗಿ ಬರೆದಿರಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆಯುತ್ತಿದ್ದೆ. ಮುಂದಿನ ಬೆಂಚಿನ ರಮ್ಯಾ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಮೂರೂ ಗುಂಪಿನವರು ಇಣುಕುತ್ತಿದ್ದರು.

"ಸಾರ್, ಇವತ್ತೂ ಉಪ್ಪಿಟ್ಟೇನಾ?"

ನೋಡುವವರು, ಕೇಳುವವರು, ಮಾಡುವವರು, ಅಷ್ಟೂ ಜನ ನನ್ನಿಂದ ಕಲಿತದ್ದು ಇದೊಂದನ್ನೇ!

"ಹೂಂ ಕಣಮ್ಮ, ಉಪ್ಪಿಟ್ಟೇ" ಎಂದೆ. ಸದ್ಯ, ಪ್ರಶ್ನೆಯನ್ನೂ ನಾನೇ ಕೇಳಿಕೊಳ್ಳುವುದು ತಪ್ಪಿತು.